ಪೇಂಟಿಂಗ್ ಪದವಿಗೆ ಸೇರುವ ಮೊದಲು ಸ್ಟುಡಿಯೋದ ಕಸದ ಬುಟ್ಟಿ ನೋಡಿ

ಸೇರುವ ದಿನ ನಾನು ನೋಡಿದ್ದು ಗ್ಯಾಲರಿಯನ್ನು ಮಾತ್ರ. ಬಿಳಿ ಗೋಡೆ, ಒಳ್ಳೆ ಲೈಟು, ಹಿಂದಿನ ಬ್ಯಾಚಿನವರ ದೊಡ್ಡ ದೊಡ್ಡ ಕ್ಯಾನ್ವಾಸು. ಸ್ಟುಡಿಯೋಗೆ ಬೀಗ ಹಾಕಿತ್ತು. ‘ಕ್ಲಾಸ್ ಶುರುವಾದ ಮೇಲೆ ನೋಡ್ತೀರಲ್ಲ’ ಅಂದರು. ಸರಿ ಅಂತ ಫೀಸು ಕಟ್ಟಿಬಿಟ್ಟೆ. ಎಡವಿದ್ದು ಅಲ್ಲೇ.

ಒಳಗೆ ಹೋದರೆ 20 ಜನಕ್ಕೆ 9 ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡು). ಹೋಗಲಿ, ಸರದಿ ಮೇಲೆ ನಿಲ್ಲಬಹುದು. ಆದರೆ ಕಿಟಕಿಗೆ ಮೊಳೆ ಹೊಡೆದಿದ್ದರು. ಎಕ್ಸಾಸ್ಟ್ ಫ್ಯಾನ್ ಇತ್ತು, ತಿರುಗುತ್ತಿರಲಿಲ್ಲ. ಎಲ್ಲರ ಪಕ್ಕದಲ್ಲೂ ಮುಚ್ಚಳವಿಲ್ಲದ ಡಬ್ಬಿಯಲ್ಲಿ ಎಣ್ಣೆ ಬಣ್ಣ ತೆಳು ಮಾಡುವ ಟರ್ಪೆಂಟೈನ್. ಮೊದಲ ವಾರ ತಲೆನೋವು, ಎರಡನೇ ವಾರ ಕಣ್ಣುರಿ. ಸರ್ ಹತ್ತಿರ ಹೇಳಿದರೆ ‘ಇದೇ ಪೇಂಟರ್ ಸೆಂಟು, ಅಭ್ಯಾಸ ಆಗುತ್ತೆ’ ಅಂತ ನಕ್ಕರು. ಪೆದ್ದು ನಾನು, ಜೊತೆಗೆ ನಕ್ಕೆ. ಆಮೇಲೆ ಟರ್ಪೆಂಟೈನ್ ಬದಲು ‘ವಾಸನೆ ಇಲ್ಲದ’ ಥಿನ್ನರ್ ತಂದುಕೊಂಡೆ. ಅದರಲ್ಲಿ ವಾಸನೆ ಕಡಿಮೆ ಅಷ್ಟೇ, ಆವಿ ಬರುತ್ತಲೇ ಇರುತ್ತೆ.

ಒಂದು ಸಂಜೆ ಬ್ರಷ್ ಒರೆಸಿದ ಬಟ್ಟೆ ಬಿಸಾಡಲು ಹೋದಾಗ ಪ್ಲಾಸ್ಟಿಕ್ ಬುಟ್ಟಿಗೆ ಕೈ ತಾಗಿತು. ಬೆಚ್ಚಗಿತ್ತು. ಬಿಸಿಲೇ ಬೀಳದ ಮೂಲೆ ಅದು. ಮೇಲಿನ ಬಟ್ಟೆ ಎತ್ತಿದೆ (ಎತ್ತಬಾರದಿತ್ತು, ಗಾಳಿ ಸಿಕ್ಕರೆ ಭಗ್ ಅನ್ನುತ್ತೆ). ಒಳಗಿನದು ಕಂದು ಬಣ್ಣಕ್ಕೆ ತಿರುಗಿ, ಸಣ್ಣಗೆ ಹೊಗೆಯಾಡುತ್ತಿತ್ತು. ಗೆಳತಿ ಬಕೆಟ್ ನೀರು ಸುರಿದಳು.

ಯಾರೂ ಬೆಂಕಿಕಡ್ಡಿ ಗೀರಿರಲಿಲ್ಲ. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆ ನೀರಿನ ಹಾಗೆ ಆರುವುದಿಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತೆ, ಆಗ ಶಾಖ ಹುಟ್ಟುತ್ತೆ. ಕ್ಯಾನ್ವಾಸಿನ ಮೇಲೆ ತೆಳ್ಳಗಿದ್ದರೆ ಅದು ಗೊತ್ತೂ ಆಗಲ್ಲ. ಮುದ್ದೆ ಮಾಡಿದ ಬಟ್ಟೆಯೊಳಗೆ ಶಾಖ ಸಿಕ್ಕಿಕೊಂಡು ಏರುತ್ತಾ ಹೋಗಿ, ಬಟ್ಟೆ ತಾನಾಗೇ ಹೊತ್ತಿಕೊಳ್ಳುತ್ತೆ. ಇನ್ನರ್ಧ ಗಂಟೆಗೆ ಬಾಗಿಲು ಹಾಕಿ ಹೋಗುತ್ತಿದ್ದೆವು. ನಮ್ಮೆಲ್ಲರ ವರ್ಷದ ಕೆಲಸ ಆ ಗೋಡೆಗೇ ಒರಗಿತ್ತು. ಅನಾಟಮಿ, ಪರ್ಸ್ಪೆಕ್ಟಿವ್ ಎಲ್ಲಾ ಕಲಿಸಿದರು, ಇದೊಂದನ್ನು ಯಾರೂ ಹೇಳಲಿಲ್ಲ. ಮರುದಿನ ಹೊಸ ಬುಟ್ಟಿ ಬಂತು. ಮತ್ತೆ ಪ್ಲಾಸ್ಟಿಕ್ಕಿನದೇ!

ನೀವು ಸೇರುವ ಮುಂಚೆ ಕ್ಲಾಸ್ ನಡೆಯುವ ಹೊತ್ತಲ್ಲೇ ಸ್ಟುಡಿಯೋ ಒಳಗೆ ಹೋಗಿ ನಿಲ್ಲಿ. ಫ್ಯಾನ್ ಹಾಕಿಸಿ ನೋಡಿ. ಎಣ್ಣೆ ಬಟ್ಟೆ ಎಲ್ಲಿ ಹಾಕ್ತೀರಿ ಅಂತ ಕೇಳಿ. ಮುಚ್ಚಳದ ಲೋಹದ ಡಬ್ಬಿ ತೋರಿಸಿ, ದಿನಾ ಖಾಲಿ ಮಾಡ್ತೀವಿ ಅಂದರೆ ಸರಿ. ಮುಖ ಮುಖ ನೋಡಿಕೊಂಡರೆ ಬೇರೆ ಕಡೆ ಹುಡುಕಿ. ಈಗಾಗಲೇ ಸೇರಿಬಿಟ್ಟಿದ್ದರೆ ಬಟ್ಟೆಯನ್ನು ನೀರಲ್ಲಿ ಚೆನ್ನಾಗಿ ನೆನೆಸಿ, ತಗಡಿನ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಮನೆಯಲ್ಲಿ ಪೇಂಟ್ ಮಾಡುವವರೂ ಅಷ್ಟೇ.