ಪರದೆಯ ಅಂಕಿ ನೋಡಿ ಹಳೆಯ ಕಂಪ್ರೆಸರ್ ಕೊಳ್ಳಬೇಡಿ

ಮುಂಬೈಯಲ್ಲಿ ಸೆಕೆಂಡ್‌ಹ್ಯಾಂಡ್ ಸ್ಟುಡಿಯೋ ಉಪಕರಣ ಹುಡುಕುತ್ತಿರುವ ಕನ್ನಡಿಗರು ಇದನ್ನು ಓದಲೇಬೇಕು. ಕಂಪ್ಯೂಟರಿನಿಂದ ನಡೆಸುವ ಅನಲಾಗ್ ಸ್ಟೀರಿಯೋ ಕಂಪ್ರೆಸರ್ (ಧ್ವನಿಯ ಏರಿಳಿತವನ್ನು ಹದಗೊಳಿಸುವ ಪೆಟ್ಟಿಗೆ) ಒಂದನ್ನು ಅಂಧೇರಿಯ ಮಾರಾಟಗಾರರೊಬ್ಬರು ನನಗೆ ದಾಟಿಸಿದರು. "ನೀವು ನಮ್ಮ ಕಡೆಯವರು ಸರ್, ನಿಮಗೆ ಸುಳ್ಳು ಹೇಳುತ್ತೇನೆಯೇ?" ಎಂಬ ಮಾತೂ ಜೊತೆಗೆ ಬಂತು, ಬಿಟ್ಟಿಯಾಗಿ.

ಈ ಬಗೆಯ ಪೆಟ್ಟಿಗೆಯ ಸೆಳೆತ ಸುಳ್ಳಲ್ಲ. ಧ್ವನಿ ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಒಳಹೊಕ್ಕು ಅನಲಾಗ್ ಸರ್ಕ್ಯೂಟಿನಲ್ಲೇ ಹಾದು ಹೊರಬರುತ್ತದೆ. ಯುಎಸ್‌ಬಿಯಲ್ಲಿ ಹೋಗುವುದು ಆಜ್ಞೆ ಮಾತ್ರ. ಪ್ಲಗ್‌ಇನ್‌ನಲ್ಲಿ, ಅಂದರೆ ಯಂತ್ರವನ್ನು ನಡೆಸುವ ತಂತ್ರಾಂಶದಲ್ಲಿ, ನಾಬ್ ತಿರುಗಿಸಿದರೆ ಒಳಗೆ ರಿಲೇಗಳು (ವಿದ್ಯುತ್ತಿನಿಂದ ಆಡುವ ಪುಟ್ಟ ಸ್ವಿಚ್ಚುಗಳು) ಟಕ್ ಟಕ್ ಎಂದು ರೆಸಿಸ್ಟರುಗಳನ್ನು ಸೇರಿಸುತ್ತವೆ, ಕಳಚುತ್ತವೆ. ಹಾಡಿನ ಫೈಲ್ ತೆರೆದರೆ ಹಳೆಯ ಸೆಟ್ಟಿಂಗ್ ತಾನಾಗಿ ಬಂದು ಕೂರುತ್ತದೆ. 1980ರ ದಶಕದ ಎಸ್‌ಎಸ್‌ಎಲ್ ಕಂಪನಿಯ ಮಿಕ್ಸಿಂಗ್ ಕನ್ಸೋಲುಗಳ 'ಟೋಟಲ್ ರೀಕಾಲ್' ಸೆಟ್ಟಿಂಗುಗಳನ್ನು ನೆನಪಿಟ್ಟುಕೊಂಡರೂ ನಾಬ್‌ಗಳನ್ನು ಸಹಾಯಕನೇ ಕುಳಿತು ಒಂದೊಂದಾಗಿ ತಿರುಗಿಸಬೇಕಿತ್ತು.

ಡೊಂಬಿವಲಿಯ ಗಾಯಕಿಯೊಬ್ಬರ ದೇವರನಾಮಗಳ ಮಿಕ್ಸ್ ಈ ಪೆಟ್ಟಿಗೆಯ ಮೂಲಕವೇ ಮುಗಿದು ಒಪ್ಪಿಗೆಯೂ ಆಗಿತ್ತು. ಒಂದು ಹಾಡಿನಲ್ಲಿ ತಾಳದ ಸದ್ದು ಸ್ವಲ್ಪ ತಗ್ಗಲಿ ಎಂದರು. ಫೈಲ್ ತೆರೆದಾಗ ಅಂಕಿಗಳೆಲ್ಲ ಮೊದಲಿನಂತೆಯೇ ಇದ್ದವು. ತಾಳ ತಗ್ಗಿಸಿ ಕಳುಹಿಸಿದೆ. ಸಂಜೆ ಫೋನ್: "ಏನಪ್ಪಾ, ನಾನು ಬಲಗಡೆಗೆ ಸರಿದು ಕುಳಿತು ಹಾಡಿದ ಹಾಗಿದೆಯಲ್ಲ?"

ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ಲ್ಯಾಮಿಂಗ್ಟನ್ ರಸ್ತೆಯ ರಿಪೇರಿಯವರು ಮುಚ್ಚಳ ಬಿಚ್ಚಿ ಕಾರಣ ತೋರಿಸಿದರು. ಈ ಯಂತ್ರದಲ್ಲಿ ಔಟ್‌ಪುಟ್ ಇಳಿಸುವುದು 0.5, 1, 2, 4, 8 ಡೆಸಿಬಲ್‌ಗಳ ರಿಲೇ ಸಾಲು. 3 ಡೆಸಿಬಲ್ ಇಳಿಯಬೇಕಾದರೆ 1 ಮತ್ತು 2 ಒಟ್ಟಿಗೆ ಕೆಲಸ ಮಾಡಬೇಕು. ಬಲ ಚಾನೆಲ್ಲಿನ 2ರ ರಿಲೇ ಒಮ್ಮೆ ಮಾತು ಕೇಳುತ್ತಿತ್ತು, ಒಮ್ಮೆ ಇದ್ದಲ್ಲೇ ಅಂಟಿಕೊಳ್ಳುತ್ತಿತ್ತು. ಹಾಗಾಗಿ 1 ಅಥವಾ 4 ಇಳಿಸಿದರೆ ಎರಡೂ ಬದಿ ಸಮ; 2, 3, 6ರಂತೆ 2ರ ರಿಲೇ ಬೇಕಾದಾಗ ಮಾತ್ರ ಕೆಲವೊಮ್ಮೆ ಬಲಗಡೆ 2 ಡೆಸಿಬಲ್ ಜೋರು. ಪ್ಲಗ್‌ಇನ್‌ಗೆ ಇದರ ಸುಳಿವೇ ಇಲ್ಲ. ತಾನು ಕೊಟ್ಟ ಆಜ್ಞೆಯನ್ನು ತೋರಿಸುತ್ತದೆಯೇ ಹೊರತು, ಅದು ಜಾರಿಯಾಯಿತೇ ಎಂದು ಅಳೆದು ವರದಿ ಮಾಡುವ ವ್ಯವಸ್ಥೆ ಈ ಮಾದರಿಯಲ್ಲಿಲ್ಲ. ಮಾರುವಾಗ ಅಂಧೇರಿಯವರು ಔಟ್‌ಪುಟ್ಟನ್ನು ಸೊನ್ನೆಯಿಂದ ಕದಲಿಸಿರಲಿಲ್ಲ. ಅಲ್ಲಿ ಯಾವ ರಿಲೇಗೂ ಕೆಲಸವಿಲ್ಲ.

ಸಾಲದ್ದಕ್ಕೆ ಪ್ಲಗ್‌ಇನ್ 32 ಬಿಟ್‌ನದು, ಹಳೆಯ ಬಗೆಯದು. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದ ಈಚೆಗೆ ಅಂಥವು ನಡೆಯುವುದಿಲ್ಲ. ಮಾರಾಟಗಾರರು ತೋರಿಸಿದ್ದು ತಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ. ಈ ಒಂದು ಪೆಟ್ಟಿಗೆಗಾಗಿ ನಾನೂ ಹಳೆಯ ಮ್ಯಾಕ್ ಒಂದನ್ನು ಸಾಕುತ್ತಿದ್ದೇನೆ. ಮುಖದ ಮೇಲೆ ಒಂದೂ ನಾಬ್ ಇಲ್ಲದ ಯಂತ್ರದ ತಂತ್ರಾಂಶ ನಿಂತುಹೋದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಎಷ್ಟು ಗಟ್ಟಿಯಿದ್ದು ಏನು ಫಲ?

ಕೊಳ್ಳುವುದೇ ಆದರೆ ನಿಮ್ಮದೇ ಲ್ಯಾಪ್‌ಟಾಪ್ ಒಯ್ಯಿರಿ. ಕಂಪ್ರೆಷನ್ ಆಗದಂತೆ ಥ್ರೆಶೋಲ್ಡ್ (ಕಂಪ್ರೆಷನ್ ಶುರುವಾಗುವ ಮಟ್ಟ) ಮೇಲಿಟ್ಟು ಎರಡೂ ಚಾನೆಲ್‌ಗಳಿಗೆ ಒಂದೇ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಒಂದೇ ಸಮನೆ ಸುಯ್ಯೆನ್ನುವ ಸದ್ದು) ಕೊಡಿ. ಔಟ್‌ಪುಟ್ಟನ್ನು ಅರ್ಧರ್ಧ ಡೆಸಿಬಲ್ ಇಳಿಸುತ್ತಾ ರೆಕಾರ್ಡ್ ಮಾಡಿ, ಒಂದು ಬದಿಯ ಪೊಲಾರಿಟಿ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ, ಎರಡನ್ನೂ ಕೂಡಿಸಿ. ಸದ್ದು ಬಹುಪಾಲು ಅಳಿದುಹೋಗಬೇಕು. ಯಾವುದೋ ಮೆಟ್ಟಿಲಲ್ಲಿ ತಟ್ಟನೆ ಎದ್ದು ಬಂದರೆ ಅಲ್ಲಿ ರಿಲೇ ಕೆಟ್ಟಿದೆ. ಯಂತ್ರ ಆರಿಸಿ, ಮತ್ತೆ ಹಚ್ಚಿ, ಸೆಟ್ಟಿಂಗ್ ಕರೆದು ಇದನ್ನೇ ಮತ್ತೆ ಮಾಡಿ. ಆಗಾಗ ಅಂಟುವ ರಿಲೇ ಒಂದೇ ಸಲಕ್ಕೆ ಸಿಕ್ಕಿಬೀಳುವುದಿಲ್ಲ. ಮಾರುವವರು ಅವಸರ ಮಾಡಿದರೆ ಎದ್ದು ಬನ್ನಿ.

ಹಣ ಹಿಂದಿರುಗಿಸಿ ಎಂದು ಕೇಳಿ ರೆಕಾರ್ಡಿಂಗನ್ನೂ ಪರದೆಯ ಚಿತ್ರವನ್ನೂ ಕಳುಹಿಸಿದೆ. ಬಂದ ಉತ್ತರ: "ಎರಡೂ ಕಡೆ 3 ಎಂದೇ ಇದೆಯಲ್ಲ ಸರ್, ತೊಂದರೆ ಎಲ್ಲಿದೆ?" ಇದೇ ಮಾದರಿಯ ಇನ್ನೊಂದು ಪೆಟ್ಟಿಗೆ ಅವರ ಬಳಿ ಈಗಲೂ ಮಾರಾಟಕ್ಕಿದೆ.