ಗೂಗಲ್‌ನ ಆಂಡ್ರಾಯ್ಡ್ ಫ್ಲ್ಯಾಶ್ ಟೂಲ್: ಹಿಂದಿನ ಆವೃತ್ತಿಗೆ ಮರಳಲು ಎಷ್ಟು ನೆರವಾಗುತ್ತದೆ?

ಹೊಸ ಫೋನು ಕೊಳ್ಳುವಾಗ ಕ್ಯಾಮೆರಾ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ ಎಂದೆಲ್ಲ ವಿಚಾರಿಸುತ್ತೇವೆ. ಆ ಅಪ್‌ಡೇಟ್ ಒಗ್ಗದೆ ಹೋದರೆ ಹಿಂದಿನ ಆವೃತ್ತಿಗೆ ಮರಳಬಹುದೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಅಂಗಡಿಯವರ ಬಳಿ ಉತ್ತರವಿರುವುದು ಅಪರೂಪ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗಾಗಿ ಉಚಿತವಾಗಿ ಒದಗಿಸಿರುವ ಆಂಡ್ರಾಯ್ಡ್ ಫ್ಲ್ಯಾಶ್ ಟೂಲ್ ಈ ಪ್ರಶ್ನೆಗೆ, ಕೆಲವು ಷರತ್ತುಗಳೊಂದಿಗೆ, ಹೌದು ಎಂದು ಉತ್ತರಿಸುವ ಕೆಲವೇ ಅಧಿಕೃತ ಸಾಧನಗಳಲ್ಲಿ ಒಂದು. ಪರೀಕ್ಷೆಗೆಂದೇ ಇಟ್ಟುಕೊಂಡಿರುವ ಪಿಕ್ಸೆಲ್ 7 ಫೋನನ್ನು ಆಂಡ್ರಾಯ್ಡ್ 15ರಿಂದ 14ಕ್ಕೆ ಇದರ ಮೂಲಕ ಇಳಿಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸಾಧನ ಚೆನ್ನಾಗಿದೆ. ಆದರೆ ಇದನ್ನು ಸಾಮಾನ್ಯ ಬಳಕೆದಾರರಿಗೆ ದೊರೆತ ಹಕ್ಕು ಎಂದು ಕರೆಯಲು ಇನ್ನೂ ಸಾಕಷ್ಟು ದೂರ ಕ್ರಮಿಸಬೇಕಾಗಿದೆ.

ಮೊದಲಿಗೆ ಕೆಲಸ ನಡೆಯುವ ರೀತಿಯನ್ನು ನೋಡೋಣ. ಹಿಂದೆ ಫೋನಿಗೆ ಹಳೆಯ ಆವೃತ್ತಿ ಹಾಕಬೇಕಾದರೆ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ಒಂದೊಂದೇ ಆಜ್ಞೆಯನ್ನು ಬೆರಳಚ್ಚು ಮಾಡಬೇಕಿತ್ತು, ಇಲ್ಲವೇ ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ರಿಪೇರಿ ಅಂಗಡಿಗೆ ಹೋಗಿ ‘ಸಾಫ್ಟ್‌ವೇರ್ ಹಾಕಿಸಬೇಕಿತ್ತು’. ಈ ಟೂಲ್ ಅದನ್ನೆಲ್ಲ ಕ್ರೋಮ್ ಬ್ರೌಸರಿನ ಒಂದು ಪುಟಕ್ಕೆ ಇಳಿಸಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆಯಬೇಕು. ಅಲ್ಲಿ ಫೋನಿನ ತಂತ್ರಾಂಶದ ಬೀಗ ತೆಗೆಯಲು ಅನುಮತಿಸುವ ಓಇಎಂ ಅನ್‌ಲಾಕಿಂಗ್ ಮತ್ತು ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕೊಡಲು ಬಿಡುವ ಯುಎಸ್‌ಬಿ ಡೀಬಗಿಂಗ್ ಎಂಬ ಎರಡು ಸ್ವಿಚ್‌ಗಳನ್ನು ಆನ್ ಮಾಡಬೇಕು. ಬಳಿಕ ಕೇಬಲ್ ಜೋಡಿಸಿದರೆ ಬ್ರೌಸರೇ ಫೋನನ್ನು ಗುರುತಿಸಿ, ಆ ಮಾದರಿಗೆ ಲಭ್ಯವಿರುವ ಆವೃತ್ತಿಗಳನ್ನು ತೋರಿಸುತ್ತದೆ. ಬೇಕಾದದ್ದನ್ನು ಆರಿಸಿಕೊಂಡರೆ ಎರಡು ಜಿಬಿಗೂ ಮಿಕ್ಕಿದ ಕಡತ ಇಳಿಯಲು ಶುರುವಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡು ಕೂರುವವರು ಇದನ್ನು ಗಮನದಲ್ಲಿಡಬೇಕು. ವಿಂಡೋಸ್ ಬಳಸುವವರು ಗೂಗಲ್‌ನ ಯುಎಸ್‌ಬಿ ಡ್ರೈವರನ್ನು ಮೊದಲೇ ಹಾಕಿಕೊಂಡಿರುವುದು ಒಳ್ಳೆಯದು, ಇಲ್ಲದಿದ್ದರೆ ಅರ್ಧದಾರಿಯಲ್ಲಿ ಫೋನು ಬ್ರೌಸರಿಗೆ ಕಾಣಿಸದೆ ಕೆಲಸ ನಿಂತುಬಿಡಬಹುದು.

ಈ ಹಾದಿಯಲ್ಲಿ ಒಂದು ಘಟ್ಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ಆವೃತ್ತಿಯನ್ನು ಬರೆಯುವ ಮುನ್ನ ಬೂಟ್‌ಲೋಡರಿನ (ಫೋನು ಆನ್ ಆದಾಗ ಮೊದಲು ಓಡಿ ಆಂಡ್ರಾಯ್ಡನ್ನು ಚಾಲೂ ಮಾಡುವ ತಂತ್ರಾಂಶದ) ಬೀಗ ತೆಗೆಯಬೇಕಾಗುತ್ತದೆ, ಆಗ ಫೋನು ತನ್ನ ಎಂದಿನ ಮುಖ ಬಿಟ್ಟು ಕಪ್ಪು ಪರದೆಗೆ ಬರುತ್ತದೆ. ಅಲ್ಲಿ ಸ್ಪರ್ಶ ಕೆಲಸ ಮಾಡುವುದಿಲ್ಲ. ವಾಲ್ಯೂಮ್ ಗುಂಡಿಯಿಂದ ಆಯ್ಕೆ ಬದಲಿಸಿ ಪವರ್ ಗುಂಡಿಯಿಂದ ಒಪ್ಪಿಗೆ ಕೊಡಬೇಕು. ಫೋನಿನ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿಕೊಂಡಿದ್ದರೂ ಈ ಪರದೆಯ ಎಚ್ಚರಿಕೆ ಪೂರ್ತಿ ಇಂಗ್ಲಿಷಿನಲ್ಲೇ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಒಂದು ಗುಂಡಿ ಒತ್ತಿದೊಡನೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುವ ಕ್ಷಣದಲ್ಲಿಯೇ ಬಳಕೆದಾರನಿಗೆ ಅವನ ಭಾಷೆಯಲ್ಲಿ ಮಾತನಾಡದಿರುವುದು ಸಣ್ಣ ಲೋಪವೇನಲ್ಲ. ಕೆಲಸ ಮುಗಿದ ಬಳಿಕ ಬೀಗವನ್ನು ಮತ್ತೆ ಹಾಕುವ ಆಯ್ಕೆಯೂ ಟೂಲಿನಲ್ಲೇ ಇದೆ, ಅದನ್ನು ತಪ್ಪದೆ ಬಳಸಬೇಕು. ಬೀಗ ತೆರೆದೇ ಬಿಟ್ಟರೆ ಪ್ರತಿ ಸಲ ಫೋನು ಆನ್ ಮಾಡಿದಾಗಲೂ ಎಚ್ಚರಿಕೆಯ ಪರದೆ ಬರುತ್ತದೆ, ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಲ್ಲಿ ಹಲವು ತೆರೆದುಕೊಳ್ಳಲು ಒಪ್ಪುವುದಿಲ್ಲ.

ಈಗ ದೊಡ್ಡ ಕೊರತೆಗೆ ಬರುತ್ತೇನೆ. ಬೂಟ್‌ಲೋಡರ್ ಬೀಗ ತೆಗೆದಾಗ ಒಮ್ಮೆ, ಹಾಕಿದಾಗ ಇನ್ನೊಮ್ಮೆ, ಫೋನಿನ ದತ್ತಾಂಶವೆಲ್ಲ ಅಳಿಯುತ್ತದೆ. ಬ್ಯಾಕಪ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವವರು ಒಂದು ನಿಯಮವನ್ನು ತಿಳಿದಿರಬೇಕು: ಹೊಸ ಆಂಡ್ರಾಯ್ಡ್ ಆವೃತ್ತಿಯಲ್ಲಿ ತೆಗೆದ ಗೂಗಲ್ ಬ್ಯಾಕಪ್ಪನ್ನು ಅದಕ್ಕಿಂತ ಹಳೆಯ ಆವೃತ್ತಿಯ ಫೋನಿಗೆ ಮರಳಿ ತುಂಬಲು ಬರುವುದಿಲ್ಲ. ಅಂದರೆ ಹಿಂದಕ್ಕೆ ಹೋಗುವವರಿಗೆ ಸಹಜವಾಗಿ ನೆನಪಾಗುವ ಬ್ಯಾಕಪ್ಪೇ ಆ ಹೊತ್ತಿಗೆ ಕೈಕೊಡುತ್ತದೆ. ಫೋಟೋಗಳು ಗೂಗಲ್ ಫೋಟೋಸ್‌ನಲ್ಲಿ, ಸಂಪರ್ಕಗಳು ಖಾತೆಯಲ್ಲಿ, ವಾಟ್ಸ್‌ಆ್ಯಪ್ ಮಾತುಕತೆ ಅದರದೇ ಬ್ಯಾಕಪ್ಪಿನಲ್ಲಿ ಉಳಿಯುತ್ತವೆ, ನಿಜ. ಆದರೆ ಆ್ಯಪ್‌ಗಳ ಒಳಗಿನ ಹೊಂದಾಣಿಕೆಗಳು, ಫೋನಿನಲ್ಲಿ ಮಾತ್ರ ಇದ್ದ ಧ್ವನಿಮುದ್ರಿಕೆಗಳು, ಎರಡು ಹಂತದ ಲಾಗಿನ್‌ಗೆ ಬಳಸುವ ಸಂಕೇತಗಳು ಇವನ್ನೆಲ್ಲ ಒಂದೊಂದಾಗಿ ನೋಡಿಕೊಳ್ಳಬೇಕು. ಯುಪಿಐ ಹೊಸದಾಗಿ ನೋಂದಾಯಿಸಬೇಕು, ಹೀಗೆ ಮಾಡಿದಾಗ ಹಲವು ಬ್ಯಾಂಕುಗಳು ಮೊದಲ 24 ಗಂಟೆ ವರ್ಗಾವಣೆಯ ಮಿತಿಯನ್ನು ತಗ್ಗಿಸುವುದೂ ಉಂಟು. ತಿಂಗಳ ಮೊದಲ ವಾರ, ಬಾಡಿಗೆ ಕಟ್ಟುವ ದಿನಗಳಲ್ಲಿ ಈ ಸಾಹಸಕ್ಕೆ ಕೈಹಾಕದಿರುವುದೇ ಮೇಲು.

ದತ್ತಾಂಶ ಅಳಿಸುವುದಕ್ಕೆ ಕಾರಣವಿಲ್ಲದಿಲ್ಲ. ಕದ್ದ ಫೋನಿನ ಬೀಗ ತೆಗೆದವನಿಗೆ ಒಳಗಿನ ಫೋಟೋ, ಪಾಸ್‌ವರ್ಡ್ ಸಿಗಬಾರದೆಂಬುದು ಒಂದು ಕಾರಣ. ಹೊಸ ಆವೃತ್ತಿ ಬದಲಿಸಿಟ್ಟ ದತ್ತಾಂಶದ ರಚನೆಯನ್ನು ಹಳೆಯ ಆವೃತ್ತಿ ಓದಲಾರದು ಎಂಬುದು ಇನ್ನೊಂದು. ಎರಡನ್ನೂ ಒಪ್ಪುತ್ತೇನೆ. ಆದರೂ ಅಪ್‌ಡೇಟ್ ಮಾಡುವ ಮುನ್ನಿನ ಸ್ಥಿತಿಯ ಒಂದು ಪ್ರತಿಯನ್ನು ಕೆಲವು ದಿನಗಳ ಮಟ್ಟಿಗಾದರೂ ಕಾಯ್ದಿಟ್ಟು, ಬೇಡವೆಂದವರಿಗೆ ಮರಳಿಸುವ ವ್ಯವಸ್ಥೆ ಅಸಾಧ್ಯವೇನಲ್ಲ. ವಿಂಡೋಸ್ 10ರಿಂದ 11ಕ್ಕೆ ಏರಿದವರಿಗೆ ಮೈಕ್ರೋಸಾಫ್ಟ್ ಸಾಮಾನ್ಯವಾಗಿ 10 ದಿನಗಳ ಇಂಥ ಅವಕಾಶವನ್ನು ಕಡತಗಳನ್ನು ಅಳಿಸದೆಯೇ ಕೊಡುತ್ತದೆ.

ಹಿಂದಕ್ಕೆ ಹೋಗಲು ಬಿಡಬಾರದು ಎನ್ನುವವರ ಗಟ್ಟಿಯಾದ ವಾದ ಭದ್ರತೆಯದು. ಪ್ರತಿ ಅಪ್‌ಡೇಟ್ ಕೆಲವು ಬಿರುಕುಗಳನ್ನು ಮುಚ್ಚುತ್ತದೆ. ಹಳೆಯ ಆವೃತ್ತಿಗೆ ಮರಳಿದರೆ ಅವೇ ಬಿರುಕುಗಳು ಮತ್ತೆ ತೆರೆದುಕೊಳ್ಳುತ್ತವೆ, ಅದೂ ಜಗತ್ತಿಗೆಲ್ಲ ತಿಳಿದ ಬಿರುಕುಗಳಾಗಿ. ಇದಕ್ಕಾಗಿಯೇ ಆಂಡ್ರಾಯ್ಡ್ 8ರಿಂದ ವೆರಿಫೈಡ್ ಬೂಟ್ ವ್ಯವಸ್ಥೆಯಲ್ಲಿ (ಫೋನು ಆನ್ ಆಗುವಾಗ ತಂತ್ರಾಂಶ ಅಸಲಿಯೇ ಎಂದು ಪರಿಶೀಲಿಸುವ ಏರ್ಪಾಡು) ರೋಲ್‌ಬ್ಯಾಕ್ ತಡೆ, ಅಂದರೆ ಹಳೆಯ ಆವೃತ್ತಿಗೆ ಮರಳದಂತೆ ತಡೆಯುವ ವಿಧಾನ, ಸೇರಿಕೊಂಡಿದೆ. ಫೋನು ತಾನು ಕಂಡ ಆವೃತ್ತಿಯ ಒಂದು ಸೂಚ್ಯಂಕವನ್ನು ಸುಲಭವಾಗಿ ತಿದ್ದಲಾಗದ ಜಾಗದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಕಡಿಮೆ ಸೂಚ್ಯಂಕದ ಆವೃತ್ತಿ ಬಂದರೆ ಚಾಲೂ ಆಗಲು ನಿರಾಕರಿಸುತ್ತದೆ. ಪಿಕ್ಸೆಲ್ 6, 6 ಪ್ರೊ ಮತ್ತು 6ಎ ಫೋನುಗಳಿಗೆ 2022ರ ಆಗಸ್ಟಿನಲ್ಲಿ ಆಂಡ್ರಾಯ್ಡ್ 13 ಬಂದಾಗ ಗೂಗಲ್ ಇದನ್ನೇ ಮಾಡಿತು: ಬೂಟ್‌ಲೋಡರಿನಲ್ಲಿದ್ದ ಒಂದು ದೋಷ ಸರಿಪಡಿಸಿದ್ದರಿಂದ ಆಂಡ್ರಾಯ್ಡ್ 12ಕ್ಕೆ ಮರಳಲು ಬರುವುದಿಲ್ಲ ಎಂದು ಪ್ರಕಟಿಸಿತು. ಕಾರಣ ಹೇಳಿ, ನಿರ್ದಿಷ್ಟ ಮಾದರಿಗಳಿಗೆ ಸೀಮಿತವಾಗಿ ಬಾಗಿಲು ಮುಚ್ಚಿದ ಈ ರೀತಿ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಎಲ್ಲ ಆವೃತ್ತಿಗಳಿಗೂ, ಎಲ್ಲ ಕಾಲಕ್ಕೂ ಬೀಗ ಹಾಕಿ ಭದ್ರತೆಯ ಹೆಸರು ಹೇಳುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಆ್ಯಪಲ್ ಅನುಸರಿಸುವುದು ಈ ಎರಡನೆಯ ದಾರಿಯನ್ನು. ಐಫೋನಿಗೆ ಯಾವುದೇ ಆವೃತ್ತಿ ಹಾಕಬೇಕಾದರೂ ಆ ಫೋನಿನ ಚಿಪ್‌ಗೆಂದೇ ಆ್ಯಪಲ್‌ನ ಸರ್ವರ್ ಡಿಜಿಟಲ್ ಸಹಿ ಕೊಡಬೇಕು. ಹೊಸ ಆವೃತ್ತಿ ಬಂದು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹಳೆಯದಕ್ಕೆ ಸಹಿ ಹಾಕುವುದನ್ನು ನಿಲ್ಲಿಸಲಾಗುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಹಳೆಯ ಆವೃತ್ತಿಯ ಕಡತ ನಿಮ್ಮ ಕಂಪ್ಯೂಟರಿನಲ್ಲೇ ಇದ್ದರೂ ಉಪಯೋಗವಿಲ್ಲ. 2021ರಲ್ಲಿ ಐಓಎಸ್ 15 ಬಂದಾಗ 14ರಲ್ಲೇ ಉಳಿದು ಭದ್ರತಾ ಅಪ್‌ಡೇಟ್ ಮಾತ್ರ ಪಡೆಯುವ ಆಯ್ಕೆ ಕೊಟ್ಟಿದ್ದರು. ಮರುವರ್ಷದ ಜನವರಿಯ ಹೊತ್ತಿಗೆ ಅದು ತಾತ್ಕಾಲಿಕವೆಂದು ತಿಳಿದುಬಂತು. ಶಿಯೋಮಿಯ ಕಥೆ ಇನ್ನೊಂದು ಬಗೆಯದು. 2018ರಲ್ಲಿ ರೆಡ್ಮಿ ನೋಟ್ 5 ಪ್ರೊದಂಥ ಫೋನುಗಳಿಗೆ ರೋಲ್‌ಬ್ಯಾಕ್ ತಡೆ ಬಂದಾಗ, ಅರಿಯದೆ ಹಳೆಯ ಆವೃತ್ತಿ ಹಾಕಲು ಹೋದವರ ಫೋನುಗಳು ಡೆಡ್ ಆದವು.

ಈ ಬೀಗದಿಂದ ಗ್ರಾಹಕರಿಗೆ ಆಗುವ ನಷ್ಟವನ್ನು ಯುರೋಪಿನ ಎರಡು ಸಂಸ್ಥೆಗಳು ದಾಖಲೆಗೆ ತಂದಿವೆ. 2018ರ ಅಕ್ಟೋಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರವು ಐಫೋನ್ 6 ಮತ್ತು ಗ್ಯಾಲಕ್ಸಿ ನೋಟ್ 4 ಫೋನುಗಳು ಅಪ್‌ಡೇಟ್ ನಂತರ ನಿಧಾನವಾದ ಪ್ರಕರಣದಲ್ಲಿ ಆ್ಯಪಲ್‌ಗೆ 1 ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ವಿಧಿಸಿತು. ಫೋನಿನ ಮೊದಲಿನ ಸಾಮರ್ಥ್ಯವನ್ನು ಮರಳಿ ಪಡೆಯುವ ದಾರಿಯನ್ನು ಗ್ರಾಹಕರಿಗೆ ಒದಗಿಸಲಿಲ್ಲ ಎಂಬುದೂ ಅದರ ಆಕ್ಷೇಪಗಳಲ್ಲಿ ಒಂದಾಗಿತ್ತು. 2020ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಗ್ರಾಹಕ ವ್ಯವಹಾರಗಳ ಇಲಾಖೆ ಆ್ಯಪಲ್ ಮೇಲೆ 2.5 ಕೋಟಿ ಯೂರೋ ದಂಡ ಪ್ರಕಟಿಸಿದಾಗ, ಹಿಂದಿನ ಆವೃತ್ತಿಗೆ ಮರಳಲಾಗದೆ ಬಹಳಷ್ಟು ಜನ ಬ್ಯಾಟರಿಯನ್ನೋ ಫೋನನ್ನೋ ಬದಲಿಸಬೇಕಾಯಿತು ಎಂದು ಸ್ಪಷ್ಟವಾಗಿಯೇ ಹೇಳಿತು. ನಮ್ಮಲ್ಲಿಯೂ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು, ಐಓಎಸ್ 18ರ ಅಪ್‌ಡೇಟ್ ಬಳಿಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರುಗಳ ಆಧಾರದಲ್ಲಿ ಆ್ಯಪಲ್‌ಗೆ ನೋಟಿಸ್ ನೀಡಿರುವುದನ್ನು ತಿಳಿಸಿದ್ದರು. ಅಂಥ ದೂರುದಾರರಿಗೆ ಹಿಂದಿನ ಆವೃತ್ತಿಗೆ ಮರಳುವ ಗುಂಡಿಯೊಂದು ಇದ್ದಿದ್ದರೆ ಅವರಲ್ಲಿ ಬಹುಪಾಲು ಜನ ಸಹಾಯವಾಣಿಗೆ ಕರೆ ಮಾಡುತ್ತಿರಲಿಲ್ಲ ಎಂಬುದು ನನ್ನ ಊಹೆ.

ಹಾಗೆಂದು ಗೂಗಲ್ಲನ್ನು ಸಾರಾಸಗಟಾಗಿ ಹೊಗಳುವಂತಿಲ್ಲ. 2025ರ ಜನವರಿಯಲ್ಲಿ ಪಿಕ್ಸೆಲ್ 4ಎ ಫೋನುಗಳಿಗೆ ತಾನಾಗಿಯೇ ಬಂದು ಕೂತ ಅಪ್‌ಡೇಟ್ ಕೆಲವು ಫೋನುಗಳ ಬ್ಯಾಟರಿ ಸಾಮರ್ಥ್ಯವನ್ನು ಗಣನೀಯವಾಗಿ ಇಳಿಸಿತು. ಅದೇ ಹೊತ್ತಿಗೆ ಆ ಮಾದರಿಯ ಹಳೆಯ ಆವೃತ್ತಿಯ ಕಡತಗಳು ಗೂಗಲ್ ತಾಣದಿಂದ ಮರೆಯಾದವು. ಬ್ಯಾಟರಿ ಕಾಯುವ ಅಪಾಯ ಇದರ ಹಿಂದಿತ್ತು ಎಂಬುದು ಬಳಿಕ ಆಸ್ಟ್ರೇಲಿಯಾದ ಗ್ರಾಹಕ ಪ್ರಾಧಿಕಾರ ಹೊರಡಿಸಿದ ಪ್ರಕಟಣೆಯಿಂದ ಗೊತ್ತಾಯಿತು. ಬೆಂಕಿಯ ಭಯವಿರುವಲ್ಲಿ ಹಿಂದಕ್ಕೆ ಹೋಗಬೇಡಿ ಎನ್ನುವುದು ಸರಿಯೇ. ಉಚಿತ ಬ್ಯಾಟರಿ ಬದಲಾವಣೆಯ ಅಥವಾ ಹಣದ ಪರಿಹಾರವನ್ನೂ ಕಂಪನಿ ಮುಂದಿಟ್ಟಿತು. ಆದರೆ ಕಾರಣವನ್ನು ಬಿಡಿಸಿ ಹೇಳದೆ ಕಡತ ಎತ್ತಿಟ್ಟದ್ದು ಬಾಗಿಲು ಯಾರ ಕೈಯಲ್ಲಿದೆ ಎಂಬುದನ್ನು ತೋರಿಸಿಕೊಟ್ಟಿತು. ಫ್ಲ್ಯಾಶ್ ಟೂಲ್ ಎಷ್ಟೇ ಚೆನ್ನಾಗಿದ್ದರೂ ಅದು ನೀಡುವ ಆವೃತ್ತಿಗಳ ಪಟ್ಟಿ ಗೂಗಲ್ ಇಚ್ಛೆಗೆ ಬಿಟ್ಟದ್ದು.

ಬಳಕೆದಾರರಿಗೆ ಹಿಂದಿನ ಆವೃತ್ತಿಗೆ ಮರಳಲು ಅವಕಾಶವಿರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕೊಂಡ ದಿನ ಇದ್ದ ವೇಗ, ಇದ್ದ ಸೌಲಭ್ಯ ಮಾರಾಟದ ಭಾಗ. ಅದನ್ನು ಬದಲಿಸಿದವರು ಮರಳಿ ಕೊಡಲೂ ಬದ್ಧರಾಗಿರಬೇಕು. ಗಂಭೀರ ಭದ್ರತಾ ದೋಷವಿದ್ದರೆ ಕಾರಣ ಪ್ರಕಟಿಸಿ ಆ ಒಂದು ಆವೃತ್ತಿಗೆ ಮಾತ್ರ ತಡೆ ಹಾಕಲಿ. ಹಳೆಯದರಲ್ಲಿ ಉಳಿದವರಿಗೆ ಭದ್ರತಾ ತೇಪೆಗಳನ್ನಾದರೂ ನಿರ್ದಿಷ್ಟ ಕಾಲ ಕೊಡಲಿ. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆಯ ಸಮಿತಿ ಸಿದ್ಧಪಡಿಸಿದ ದುರಸ್ತಿ ಸೂಚ್ಯಂಕದ (ಸಾಧನವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಕೊಡುವ ಅಂಕ) ಚೌಕಟ್ಟಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಒಂದು ಮಾನದಂಡ. ಅಪ್‌ಡೇಟ್ ಎಷ್ಟು ವರ್ಷ ಎಂಬುದರ ಜೊತೆಗೆ ಹಿಂದಿನದಕ್ಕೆ ಮರಳಬಹುದೇ ಎಂಬುದಕ್ಕೂ ಅಲ್ಲಿ ಅಂಕ ಸಿಗುವಂತಾದರೆ ಅಂಗಡಿಯಲ್ಲೇ ಹೋಲಿಸಿ ನೋಡಬಹುದು.

ಸಾಧನದ ಮಟ್ಟಿಗೆ ನಾನು 5ಕ್ಕೆ 3.5 ಅಂಕ ಕೊಡುತ್ತೇನೆ. ಬೀಟಾ ಆವೃತ್ತಿ (ಬಿಡುಗಡೆಗೆ ಮುನ್ನಿನ ಪರೀಕ್ಷಾ ಆವೃತ್ತಿ) ಹಾಕಿ ನೋಡುವ ಹವ್ಯಾಸಿಗಳಿಗೆ, ಎರಡನೆಯ ಫೋನು ಇಟ್ಟುಕೊಂಡಿರುವವರಿಗೆ, ಆ್ಯಪ್ ತಯಾರಕರಿಗೆ ಇದಕ್ಕಿಂತ ಸುಲಭವಾದ ಅಧಿಕೃತ ದಾರಿಯನ್ನು ನಾನು ಕಂಡಿಲ್ಲ. ಮನೆಯ ಹಿರಿಯರ ಒಂದೇ ಒಂದು ಫೋನಿನ ಮೇಲೆ, ಬ್ಯಾಕಪ್ಪನ್ನು ಪೂರ್ತಿ ನೋಡಿಕೊಳ್ಳದೆ, ಇದನ್ನು ಪ್ರಯೋಗಿಸಬೇಡಿ. ಇದಕ್ಕಾಗಿಯೇ ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ ಕೊಳ್ಳಲು ಹೊರಟಿದ್ದರೆ, ಹಣ ಕೊಡುವ ಮುನ್ನ ವೈಫೈಗೆ ಜೋಡಿಸಿ ಓಇಎಂ ಅನ್‌ಲಾಕಿಂಗ್ ಸ್ವಿಚ್ ಆನ್ ಆಗುತ್ತದೆಯೇ ಎಂದು ನೋಡಿಕೊಳ್ಳಿ. ಅಮೆರಿಕದ ವೆರೈಝನ್‌ನಂಥ ಕಂಪನಿಗಳ ಮೂಲಕ ಮಾರಾಟವಾಗಿ ಇಲ್ಲಿಗೆ ಬಂದ ಫೋನುಗಳಲ್ಲಿ ಆ ಸ್ವಿಚ್ ಮಂಕಾಗಿ, ಒತ್ತಿದರೂ ಅಲುಗದಂತೆ ಇರುತ್ತದೆ.