260 ಬಲೂನು ಮತ್ತು ಕೈಪಂಪು: ಟೋಪಿ ಕಟ್ಟುವವರೊಬ್ಬರ ದೀರ್ಘ ಬಳಕೆಯ ವಿಮರ್ಶೆ

ಕಾರ್ಯಕ್ರಮಗಳಲ್ಲಿ ಬಲೂನಿನ ಟೋಪಿ ಕಟ್ಟಿ ಜನರನ್ನು ರಂಜಿಸುವ ಕೆಲಸಕ್ಕೆ ನಾನು ಕೆಲವು ವರ್ಷಗಳಿಂದ ಮುಖ್ಯವಾಗಿ ನೆಚ್ಚಿಕೊಂಡಿರುವುದು ಎರಡು ವಸ್ತುಗಳನ್ನು: 260 ಅಳತೆಯ ಉದ್ದನೆಯ ಲ್ಯಾಟೆಕ್ಸ್ ಬಲೂನು, ಮತ್ತು ಒತ್ತಿದಾಗಲೂ ಎಳೆದಾಗಲೂ ಗಾಳಿ ತುಂಬುವ ಪ್ಲಾಸ್ಟಿಕ್ ಕೈಪಂಪು. ಇವೆರಡನ್ನೂ ನಾನು ಅಳೆಯುವ ಮಾನದಂಡ ಒಂದೇ. ಟೋಪಿ ಕಟ್ಟುವಾಗ ನನ್ನ ಕಣ್ಣು ಎದುರಿಗೆ ನಿಂತವರ ಮುಖದ ಮೇಲಿರಬೇಕು; ಬಲೂನು ಒಡೆದೀತೇ, ಪಂಪು ಕೈಕೊಟ್ಟೀತೇ ಎಂದು ಕೈಯನ್ನೇ ನೋಡುತ್ತ ನಿಂತರೆ ಮಾತು ನಿಲ್ಲುತ್ತದೆ, ಮಾತು ನಿಂತರೆ ಸಾಲಿನಲ್ಲಿರುವವರು ಚದುರುತ್ತಾರೆ. ಆ ದೃಷ್ಟಿಯಿಂದ ಬಲೂನಿಗೆ ಪೂರ್ಣ ಅಂಕ ಕೊಡುತ್ತೇನೆ, ಪಂಪಿಗೆ ಸ್ವಲ್ಪ ಕಡಿಮೆ.

260 ಎಂಬ ಸಂಖ್ಯೆಯಲ್ಲಿಯೇ ಅಳತೆಯಿದೆ: ಪೂರ್ತಿ ಊದಿದಾಗ ಸುಮಾರು 2 ಇಂಚು ದಪ್ಪ, 60 ಇಂಚು ಉದ್ದ. ಸಂಖ್ಯೆಯ ಕೊನೆಗೆ ಕ್ಯೂ ಎಂಬ ಅಕ್ಷರವಿದ್ದರೆ ಅದು ಕ್ವಾಲಾಟೆಕ್ಸ್ ಎಂಬ ಬ್ರ್ಯಾಂಡಿನ ತಯಾರಿಕೆ ಎಂದು ಅರ್ಥ. ಬೇರೆ ಕೆಲವು ತಯಾರಕರೂ ಇದೇ ರೀತಿ ತಮ್ಮ ಅಕ್ಷರ ಸೇರಿಸಿಕೊಳ್ಳುತ್ತಾರೆ. ಟೋಪಿಗೆ ಈ ಅಳತೆ ಏಕೆ ಒಗ್ಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ದೊಡ್ಡವರ ತಲೆಯ ಸುತ್ತಳತೆ 22 ಇಂಚಿನ ಆಸುಪಾಸಿನಲ್ಲಿರುತ್ತದೆ. ಆದರೆ ತಲೆಗೆ ತಾಗುವುದು ತಲೆಯ ಸುತ್ತ ಬರುವ ಪಟ್ಟಿಯ ಒಳಬದಿ ಮಾತ್ರವಾದ್ದರಿಂದ, ಬಲೂನಿನ ದಪ್ಪವನ್ನೂ ಸೇರಿಸಿಕೊಂಡರೆ ಪಟ್ಟಿಗೆ ಸುಮಾರು 28 ಇಂಚು ಹೋಗುತ್ತದೆ. ಉಳಿದ ಅರ್ಧದಲ್ಲಿ ತಲೆಯ ಮೇಲೆ ಹಾಯುವ ಒಂದು ಕಮಾನು, ಇಲ್ಲವೇ ನೆಟ್ಟಗೆ ನಿಲ್ಲುವ ಒಂದು ತುರಾಯಿ ಧಾರಾಳವಾಗಿ ಆಗುತ್ತದೆ. ಅಂದರೆ ಒಂದೇ ಬಲೂನಿನಲ್ಲಿ ಒಂದು ಟೋಪಿ, ಅದೂ ಒಂದು ನಿಮಿಷದೊಳಗೆ. 160 ಅಳತೆಯದು ಪಟ್ಟಿಗೆ ತೀರ ತೆಳುವಾಯಿತು. 350 ಅಳತೆಯದು ದಪ್ಪವಾಗಿ ಚೆನ್ನಾಗಿ ಕಂಡರೂ ಉದ್ದ 50 ಇಂಚು ಮಾತ್ರವಿರುವುದರಿಂದ ಪಟ್ಟಿ ಮುಗಿಯುವಷ್ಟರಲ್ಲಿ ಬಲೂನಿನ ಬಹುಪಾಲು ಮುಗಿದಿರುತ್ತದೆ.

ಒಳ್ಳೆಯ 260 ಬಲೂನಿನ ಗುಣ ಗೊತ್ತಾಗುವುದು ತಿರುಚುವಾಗ. ತುದಿಯಲ್ಲಿ ಊದದೆ ಬಿಟ್ಟ ಬಾಲದ ಕಡೆಗೆ ಪ್ರತಿಯೊಂದು ತಿರುಚೂ ಒಂದಿಷ್ಟು ಗಾಳಿಯನ್ನು ತಳ್ಳುತ್ತದೆ. ಪಟ್ಟಿ ಮತ್ತು ಕಮಾನು ಮಾತ್ರವಿರುವ ಟೋಪಿಗೆ ಎರಡು ಮೂರು ಇಂಚು ಬಾಲ ಸಾಕು, ಸಾಲಾಗಿ ಗುಳ್ಳೆಗಳನ್ನು ಮಾಡುವುದಿದ್ದರೆ ಅದರ ಎರಡರಷ್ಟಾದರೂ ಬೇಕು. ಗಂಟು ಹಾಕುವ ಮೊದಲು ಮೂತಿಯಿಂದ ಚೂರು ಗಾಳಿ ಬಿಟ್ಟು ಕುತ್ತಿಗೆಯನ್ನು ಮೆತ್ತಗೆ ಮಾಡಿಕೊಳ್ಳುವುದನ್ನು ಹೊಸಬರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಗಿಯಾದ ಆ ಕುತ್ತಿಗೆಯ ಬಳಿ ಬಲೂನು ಸುಲಭವಾಗಿ ಒಡೆಯುತ್ತದೆ. ತಾಜಾ ಬಲೂನು ಬೆರಳ ನಡುವೆ ಮೂರು ನಾಲ್ಕು ಸುತ್ತು ತಿರುಗಿದರೂ ಕಿರುಗುಟ್ಟುತ್ತದೆಯೇ ಹೊರತು ಒಡೆಯುವುದಿಲ್ಲ. ಅಗ್ಗದ ಪ್ಯಾಕೆಟ್ಟುಗಳನ್ನೂ ಬಳಸಿ ನೋಡಿದ್ದೇನೆ: ಒಂದೇ ಪ್ಯಾಕೆಟ್ಟಿನಲ್ಲಿ ಒಂದು ಬಲೂನು ದಪ್ಪ, ಇನ್ನೊಂದು ತೆಳು, ಕೆಲವಕ್ಕೆ ಮೂತಿಯ ಸುರುಳಿಯೇ ಸರಿಯಿಲ್ಲ. ಮಗುವಿನ ತಲೆಯ ಪಕ್ಕದಲ್ಲಿ ಬಲೂನು ಢಬ್ಬೆಂದರೆ ಆ ಮಗು ಮಾತ್ರವಲ್ಲ, ಅದರ ಹಿಂದೆ ನಿಂತ ನಾಲ್ಕು ಮಕ್ಕಳೂ ಹಿಂದೆ ಸರಿಯುತ್ತವೆ. ಉಳಿಸಿದ ಹಣ ಅಲ್ಲಿಯೇ ಹೋಯಿತು.

ಬಣ್ಣಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಎಲ್ಲ ಬಣ್ಣ ಬೆರೆತ ಪ್ಯಾಕೆಟ್ಟು ಬೇಡ. ಎಲ್ಲರೂ ಕೇಳುವ ನಾಲ್ಕೈದು ಬಣ್ಣ ಬೇಗ ಖಾಲಿಯಾಗಿ, ಯಾರೂ ಕೇಳದ ಬಣ್ಣಗಳು ಚೀಲದ ತಳದಲ್ಲಿ ಹಳತಾಗುತ್ತ ಕೂರುತ್ತವೆ. 100 ಬಲೂನುಗಳ ಒಂದೇ ಬಣ್ಣದ ಪ್ಯಾಕೆಟ್ಟುಗಳನ್ನೇ ಕೊಳ್ಳುವುದು ಒಳ್ಳೆಯದು. ಪಾರದರ್ಶಕ ಬಣ್ಣಗಳು ದೀಪದ ಬೆಳಕಿನಲ್ಲಿ ಸೊಗಸಾಗಿ ಕಾಣುತ್ತವೆಯಾದರೂ ಗಾಳಿಗೆ ತೆರೆದುಕೊಂಡ ಕೆಲವೇ ಗಂಟೆಗಳಲ್ಲಿ ಮಬ್ಬಾಗುತ್ತವೆ. ಬಿಸಿಲಿನಲ್ಲಂತೂ ಇನ್ನೂ ಬೇಗ. ಇದು ಲ್ಯಾಟೆಕ್ಸ್ ಆಮ್ಲಜನಕದೊಂದಿಗೆ ವರ್ತಿಸುವುದರ ಫಲ, ತಯಾರಕರ ದೋಷವಲ್ಲ. ಬಯಲಿನ ಕಾರ್ಯಕ್ರಮಕ್ಕೆ ತಿಳಿ ಬಣ್ಣಗಳೇ ಲೇಸು, ಏಕೆಂದರೆ ಕಪ್ಪು, ಕಡುನೀಲಿ ಬಲೂನುಗಳು ಬಿಸಿಲನ್ನು ಹೀರಿ ಒಳಗಿನ ಗಾಳಿ ಹಿಗ್ಗಿದಂತೆ ತಾವಾಗಿಯೇ ಒಡೆಯುತ್ತವೆ. ಒಣಹುಲ್ಲಿನ ಮೊನೆಯೂ ಅಷ್ಟೇ ಶತ್ರು.

ಸಂಗ್ರಹಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲ್ಯಾಟೆಕ್ಸ್ ಎಂಬುದು ರಬ್ಬರ್ ಮರದ ಹಾಲು. ಶಾಖ ಮತ್ತು ಬೆಳಕು ಅದನ್ನು ಕೆಡಿಸುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲೆಯ ತಂಪು ಜಾಗದಲ್ಲಿ ಇಟ್ಟದ್ದು ಬಹುಕಾಲ ಬಾಳಿದೆ, ಬಿಸಿಲಿಗೆ ನಿಂತ ಕಾರಿನಲ್ಲಿ ಉಳಿದದ್ದು ಬಾಳಿಲ್ಲ. ಎಳೆದು ಬಿಟ್ಟಾಗ ತಟ್ಟನೆ ಹಿಂದಿರುಗದ, ಮುಟ್ಟಿದರೆ ಅಂಟಂಟಾಗುವ ಬಲೂನನ್ನು ಕಾರ್ಯಕ್ರಮಕ್ಕೆ ಒಯ್ಯಬಾರದು.

ಇನ್ನು ಪಂಪು. ಎರಡೂ ಹೊಡೆತಕ್ಕೆ ಗಾಳಿ ಬರುವುದರಿಂದ ಒಂದು ಬಲೂನಿಗೆ ತಗಲುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಮತ್ತು ಆ ಕೈಯ ಚಲನೆಯೇ ಪ್ರದರ್ಶನದ ಒಂದು ಭಾಗವಾಗುತ್ತದೆ. ಮಕ್ಕಳು ತಾವೇ ಎಣಿಸಲು ತೊಡಗುತ್ತಾರೆ. ಊದಿದ ಬಲೂನನ್ನು ಪಂಪಿನ ಕೊಳವೆಗೆ ಸುತ್ತಿ, ಬಿಗಿಯಾಗಿ ಒತ್ತಿ ಬಿಟ್ಟರೆ ಅದು ಸುರುಳಿಯಾಗಿಯೇ ಉಳಿಯುತ್ತದೆ. ನನ್ನ ಟೋಪಿಗಳಲ್ಲಿ ಅತಿ ಹೆಚ್ಚು ನಗು ತರಿಸಿದ್ದು ತಲೆಯಾಡಿಸಿದಂತೆಲ್ಲ ಕುಣಿಯುವ ಆ ಸುರುಳಿಯೇ. ದೂರುಗಳೂ ಇವೆ. ನನ್ನಲ್ಲಿದ್ದ ಮೊದಲ ಪಂಪು, ಕೊಳವೆಗೆ ಮುಚ್ಚಳ ಕೂಡುವ ತಿರುಪಿನ ಜಾಗದಲ್ಲಿ ಬಿರುಕು ಬಿಟ್ಟಿತು. ನಂತರದ್ದರ ಮೂತಿಯ ಅಂಚು ಒರಟಾಗಿದ್ದು, ಉಜ್ಜುಕಾಗದದಿಂದ ನಯಗೊಳಿಸುವವರೆಗೆ ಬಲೂನಿನ ಬಾಯಿಯನ್ನು ಹರಿಯುತ್ತಿತ್ತು. ಒಳಗಿನ ರಬ್ಬರ್ ಉಂಗುರ ಒಣಗಿದಾಗ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಬೇಕು. ಪೆಟ್ರೋಲಿಯಂ ಜೆಲ್ಲಿಯೋ ಯಂತ್ರದ ಎಣ್ಣೆಯೋ ಬೆರಳಿನಿಂದ ಬೆರಳಿಗೆ ದಾಟಿ ಬಲೂನನ್ನು ತಲುಪಿದರೆ ಲ್ಯಾಟೆಕ್ಸ್ ಸಡಿಲಗೊಂಡು ಒಡೆಯುತ್ತದೆ. ವಿದ್ಯುತ್ ಪಂಪು ವೇಗವಾಗಿದೆ ಎನ್ನುವವರಿದ್ದಾರೆ, ನಿಜವೂ ಹೌದು, ಆದರೆ ಅದರ ಗದ್ದಲದ ಮೇಲೆ ಕೂಗಿ ಮಾತನಾಡುವುದು ನನಗಾಗದು. ಬಾಯಿಯಿಂದ ಊದುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. 260 ಬಲೂನು ಊದಲು ಬಹಳ ಒತ್ತಡ ಬೇಕು, ಜೊತೆಗೆ ಅದು ಮತ್ತೊಬ್ಬರ ತಲೆಗೆ ಹೋಗುವ ವಸ್ತು.

ತಲೆಗೆ ಹೋಗುವ ವಸ್ತು ಎಂಬುದರಿಂದಲೇ ಒಂದು ಎಚ್ಚರಿಕೆ ಹುಟ್ಟುತ್ತದೆ. ಅಳತೆಯನ್ನು ತಲೆಯ ಮೇಲೆ ತೆಗೆದುಕೊಳ್ಳಬೇಕು, ಆದರೆ ಪಟ್ಟಿಯನ್ನು ಬಿಗಿಯುವ ತಿರುಚನ್ನು ತಲೆಯಿಂದ ತೆಗೆದು ಕೈಯಲ್ಲಿ ಮಾಡಬೇಕು. ಇಲ್ಲವಾದರೆ ಎರಡು ಬಲೂನುಗಳು ಕೂಡುವ ಸಂದಿಯಲ್ಲಿ ಕೂದಲು ಸಿಕ್ಕಿಕೊಳ್ಳುತ್ತದೆ, ಬಿಡಿಸುವಾಗ ಮಗು ಅಳುತ್ತದೆ. ಉದ್ದ ಕೂದಲಿನವರಿಗೆ ಎರಡು ಬಣ್ಣಗಳನ್ನು ಒಂದಕ್ಕೊಂದು ಹೆಣೆದ ಪಟ್ಟಿಯನ್ನು ಕೊಡುವುದನ್ನೇ ನಾನು ಬಿಟ್ಟಿದ್ದೇನೆ. ಲ್ಯಾಟೆಕ್ಸ್ ಒಗ್ಗದವರೂ ಇರುತ್ತಾರಾದ್ದರಿಂದ ತೊಡಿಸುವ ಮೊದಲು ಕೇಳಿಬಿಡುವುದು ಕ್ಷೇಮ. ಊದದ ಅಥವಾ ಒಡೆದ ಬಲೂನು 8 ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು ಎಂಬ ಎಚ್ಚರಿಕೆ ಪ್ಯಾಕೆಟ್ಟುಗಳ ಮೇಲೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಓದಿ ಮರೆಯುವಂತಿಲ್ಲ. ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಒಡೆದ ಚೂರುಗಳಿಗೇ ಒಂದು ಪ್ರತ್ಯೇಕ ಜೇಬು ಇಟ್ಟುಕೊಂಡಿದ್ದೇನೆ, ಒಡೆದ ಕೂಡಲೇ ಮಾತು ನಿಲ್ಲಿಸದೆಯೇ ಬಗ್ಗಿ ಎತ್ತಿಕೊಳ್ಳುತ್ತೇನೆ.

ಟೋಪಿಯ ಆಯುಸ್ಸಿನ ಬಗ್ಗೆ ಕೇಳುವವರಿಗೆ: ಅಂದಿನ ಕಾರ್ಯಕ್ರಮಕ್ಕೆ ಯಾವ ಅಡ್ಡಿಯೂ ಇಲ್ಲ, ಮರುದಿನಕ್ಕೆ ಪಟ್ಟಿ ಸಡಿಲವಾಗಿ ಕಿವಿಯವರೆಗೆ ಜಾರುತ್ತದೆ. ಸಂಘಟಕರು ಹಿಂದಿನ ದಿನವೇ ಕಟ್ಟಿಡಿ ಎಂದರೆ ನಾನು ಒಪ್ಪುವುದಿಲ್ಲ. ಹಾಗೆ ಕಟ್ಟಿಟ್ಟರೆ ರಂಜನೆಯೂ ಉಳಿಯುವುದಿಲ್ಲ, ಏಕೆಂದರೆ ಟೋಪಿ ಯಾವ ಆಕಾರ ತಾಳುತ್ತಿದೆ ಎಂದು ಊಹಿಸುತ್ತ ನಿಲ್ಲುವುದರಲ್ಲಿಯೇ ಜನರಿಗೆ ಅರ್ಧ ಮೋಜು. ದೊಡ್ಡವರು ಮೊದಲಿಗೆ ತಮಗೆ ಬೇಡವೆಂದೇ ಹೇಳುತ್ತಾರೆ; ಅವರಲ್ಲೊಬ್ಬರಿಗೆ ದೂರದಿಂದಲೂ ಕಾಣುವಂತಹ ಎತ್ತರದ ತುರಾಯಿ ತೊಡಿಸಿ ಕಳಿಸಿದರೆ ಉಳಿದವರು ತಾವಾಗಿಯೇ ಬರುತ್ತಾರೆ.

ಹೊಸದಾಗಿ ಕೊಳ್ಳುವವರು ಬಲೂನಿನಲ್ಲಿ ಮಿತವ್ಯಯ ಮಾಡಬೇಡಿ, ಪಂಪುಗಳನ್ನು ಎರಡು ಕೊಳ್ಳಿ. ಕೈ ಪಳಗಿದ ಮೇಲೆ ಹೂವು, ಮೀಸೆಯಂತಹ ಅಲಂಕಾರಕ್ಕಾಗಿ 160 ಅಳತೆಯ ಒಂದೆರಡು ಪ್ಯಾಕೆಟ್ಟು ಸೇರಿಸಿಕೊಳ್ಳಬಹುದು. ಅವುಗಳ ಬಾಯಿ ಕಿರಿದಾದ್ದರಿಂದ ಪಂಪಿನ ಮೂತಿ ತುದಿಗೆ ಸಾಕಷ್ಟು ಚೂಪಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ.